ಗುದ್ದಲಿ ಹಿಡಿದ ಸೈನಿಕರು: ದೇವನಹಳ್ಳಿ ಕೋಟೆಯಿಂದ ಬೆಂಗಳೂರು ಟಾರ್ಪೆಡೋವರೆಗೆ

‘ಸೇವಿಂಗ್ ಪ್ರೈವೇಟ್ ರಯಾನ್’ ಸಿನಿಮಾ ಎಷ್ಟು ಜನ ನೋಡಿದ್ದೀರಿ? ಹಾಸ್ಟೆಲ್‌ನಲ್ಲಿ ಇರೋರು ಒಂದು ಸಲವಾದ್ರೂ ನೋಡಿರ್ತೀರಿ. ಅದರ ಶುರುವಿನಲ್ಲೇ ಒಂದು ದೊಡ್ಡ ಯುದ್ಧದ ದೃಶ್ಯ ಇದೆ. ಫ್ರಾನ್ಸಿನ ಕಡಲ ತೀರದಲ್ಲಿ ಮುಳ್ಳುತಂತಿ ಬೇಲಿಯ ಮುಂದೆ ಸಿಕ್ಕಿಹಾಕಿಕೊಂಡ ಅಮೆರಿಕದ ಸೈನಿಕರು ಒಂದು ಸಾಮಾನು ಬೇಕು ಅಂತ ಕೂಗ್ತಾರೆ. ಆ ಸಾಮಾನಿನ ಹೆಸರು ನಮ್ಮ ಊರಿನ ಹೆಸರು, ‘ಬ್ಯಾಂಗಲೋರ್’. ಮೊದಲ ಸಲ ಕೇಳಿದಾಗ ನಾವು ತಪ್ಪಾಗಿ ಕೇಳಿಸಿಕೊಂಡ್ವಿ ಅಂದುಕೊಂಡು ಮೂರು ಸಲ ಹಿಂದಕ್ಕೆ ಹೋಗಿ ನೋಡಿದ್ವಿ. ತಪ್ಪಲ್ಲ, ಅದು ನಿಜವಾಗ್ಲೂ ಬೆಂಗಳೂರೇ.

ಸಾವಿರಾರು ಮೈಲಿ ದೂರದ ಯುದ್ಧದಲ್ಲಿ ನಮ್ಮ ಊರಿನ ಹೆಸರು ಯಾಕೆ ಬಂತು ಅನ್ನೋ ಪ್ರಶ್ನೆಯ ಬೆನ್ನು ಹತ್ತಿ ಹೊರಟವರು ನಮ್ಮ ಕನ್ನಡ ಬಳಗದ ಐದು ಜನ. ಗ್ರಂಥಾಲಯದಲ್ಲಿ ಓದಿದ್ವಿ, ಒಂದು ಭಾನುವಾರ ದೇವನಹಳ್ಳಿ ಕೋಟೆ ಸುತ್ತಿದ್ವಿ, ಗೆಳತಿಯೊಬ್ಬಳ ತಾತನ ಹತ್ತಿರ ಕೂತು ಮಾತಾಡಿದ್ವಿ. ಈ ಲೇಖನ ಅದರ ಫಲ. ಬ್ರಿಟಿಷರ ಕಾಲದ ಸೈನ್ಯದ ಪೂರ್ತಿ ಚರಿತ್ರೆ ಇಲ್ಲಿಲ್ಲ. ಆ ಸೈನ್ಯದಲ್ಲಿ ಎಂಜಿನಿಯರಿಂಗ್ ಕೆಲಸ ಮಾಡಿದವರ ಕಥೆ ಮಾತ್ರ ಇದೆ. ನಾವೂ ನಾಳೆ ಎಂಜಿನಿಯರುಗಳೇ ಅಲ್ವಾ, ಅದಕ್ಕೆ.

ಎಂಜಿನಿಯರ್ ಅಂದ್ರೆ ಮೊದಲು ಯಾರು?

ಮೊದಲ ಸೆಮಿಸ್ಟರ್‌ನಲ್ಲಿ ಯಾರೂ ನಮಗೆ ಹೇಳದ ಒಂದು ವಿಷಯ ಇದು. ‘ಎಂಜಿನಿಯರ್’ ಅನ್ನೋ ಪದ ಹುಟ್ಟಿದ್ದೇ ಯುದ್ಧದಿಂದ. ಕೋಟೆ ಒಡೆಯುವ, ಕಲ್ಲು ಎಸೆಯುವ ಯಂತ್ರಗಳನ್ನು ‘ಎಂಜಿನ್’ ಅಂತಿದ್ದರು. ಅದನ್ನು ಕಟ್ಟಿ ನಡೆಸುವವನು ಎಂಜಿನಿಯರ್. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ತನ್ನನ್ನು ‘ಸಿವಿಲ್ ಎಂಜಿನಿಯರ್’ ಅಂತ ಕರೆದುಕೊಂಡ. ನಾನು ಮಿಲಿಟರಿಯವನಲ್ಲ, ಜನರಿಗಾಗಿ ಸೇತುವೆ, ದೀಪಸ್ತಂಭ ಕಟ್ಟುವವನು ಅನ್ನೋದು ಅದರ ಅರ್ಥ. ಸಿವಿಲ್ ಬ್ರಾಂಚಿನ ಗೆಳೆಯರೇ, ನಿಮ್ಮ ಬ್ರಾಂಚಿನ ಹೆಸರಿನ ಹಿಂದೆ ಇರೋದು ಇದೇ.

ಇನ್ನೂ ಎರಡು ಪದ ಕಲಿತುಬಿಡೋಣ, ಮುಂದೆ ಬೇಕಾಗುತ್ತೆ.

ಪಯನೀರ್: ಸೈನ್ಯದ ಮುಂದೆ ಮುಂದೆ ಹೋಗಿ ಕಾಡು ಕಡಿದು, ಹಳ್ಳ ಮುಚ್ಚಿ, ದಾರಿ ಮಾಡಿಕೊಡುವ ಸೈನಿಕ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಗುದ್ದಲಿ.

ಸ್ಯಾಪರ್: ‘ಸ್ಯಾಪ್’ ಅಂದ್ರೆ ಶತ್ರುವಿನ ಕೋಟೆಯ ಕಡೆಗೆ ತೋಡಿಕೊಂಡು ಹೋಗುವ ಕಂದಕ. ಅದನ್ನು ತೋಡುವವನು ಸ್ಯಾಪರ್. ಈ ಕಂದಕವನ್ನು ನೇರವಾಗಿ ತೋಡೋದಿಲ್ಲ, ಅಂಕುಡೊಂಕಾಗಿ ತೋಡ್ತಾರೆ. ನೇರವಾಗಿ ತೋಡಿದರೆ ಕೋಟೆಯ ಮೇಲಿನಿಂದ ಹಾರಿಸಿದ ಒಂದೇ ಗುಂಡು ಕಂದಕದ ಉದ್ದಕ್ಕೂ ಹೋಗಿ ಎಲ್ಲರಿಗೂ ತಗುಲುತ್ತೆ. ಡೊಂಕಾಗಿದ್ದರೆ ಗುಂಡು ಮೊದಲ ತಿರುವಿನ ಮಣ್ಣಿಗೇ ಹೊಡೆದು ನಿಲ್ಲುತ್ತೆ. ಶುದ್ಧ ಜ್ಯಾಮಿತಿ, ಆದರೆ ಪ್ರಾಣ ಉಳಿಸೋ ಜ್ಯಾಮಿತಿ.

ಕೋಟೆಯಲ್ಲಿ ಒಂದು ಲ್ಯಾಬ್ ಕ್ಲಾಸ್

ದೇವನಹಳ್ಳಿ ಅಂದ್ರೆ ಈಗ ಎಲ್ಲರಿಗೂ ವಿಮಾನ ನಿಲ್ದಾಣ. 2008ರಲ್ಲಿ ಅದು ಶುರುವಾದ ಮೇಲೆ ಊರಿನ ಗುರುತೇ ಬದಲಾಯ್ತು. ಆದರೆ ಹಳೇ ಬಸ್ ಸ್ಟ್ಯಾಂಡ್ ಕಡೆ ಇಳಿದು ಸ್ವಲ್ಪ ನಡೆದರೆ ಇನ್ನೊಂದು ದೇವನಹಳ್ಳಿ ಸಿಗುತ್ತೆ. ಆವತಿ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡ 1501ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಅದಕ್ಕೆ ಮುತ್ತಿಗೆ ಹಾಕಿ ಗೆದ್ದ. ಆ ಮುತ್ತಿಗೆಯಲ್ಲೇ ಹೈದರ್ ಎಂಬ ಯುವಕ ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬಿದ್ದ. ಆಮೇಲೆ ಅವನ ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಲ್ಲಿ. ಆ ಜಾಗದಲ್ಲಿ ಈಗ ಕಂಬಗಳ ಒಂದು ಚಿಕ್ಕ ಕಟ್ಟೆ, ಒಂದು ಕಲ್ಲಿನ ಫಲಕ ಇದೆ. ಮಣ್ಣಿನ ಕೋಟೆ ಕಲ್ಲಿನದಾಗಿದ್ದು ಹೈದರ್, ಟಿಪ್ಪು ಕಾಲದಲ್ಲಿ.

ಕೋಟೆ ಹೆಚ್ಚುಕಮ್ಮಿ ಮೊಟ್ಟೆಯಾಕಾರದಲ್ಲಿದೆ, ಸುಮಾರು 20 ಎಕರೆ. ಅರ್ಧಚಂದ್ರಾಕಾರದ 12 ಬುರುಜುಗಳಿವೆ. ಬುರುಜು ಯಾಕೆ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತೆ? ನಾವು ಗೋಡೆ ಮೇಲೆ ನಿಂತು ನೋಡಿದಾಗ ಅರ್ಥ ಆಯ್ತು. ಗೋಡೆ ನೆಟ್ಟಗೆ ಇದ್ದರೆ, ಬುಡಕ್ಕೆ ಬಂದು ಅಂಟಿಕೊಂಡ ಶತ್ರು ಮೇಲೆ ನಿಂತವನಿಗೆ ಕಾಣೋದೇ ಇಲ್ಲ. ಬುರುಜಿನಿಂದ ಪಕ್ಕಕ್ಕೆ ತಿರುಗಿ ನೋಡಿದರೆ ಗೋಡೆಯ ಬುಡ ಪೂರ್ತಿ ಕಾಣುತ್ತೆ. ಒಂದು ಬುರುಜು ಇನ್ನೊಂದು ಬುರುಜನ್ನು ಕಾಯುತ್ತೆ.

ಹಾಗಾದ್ರೆ ಇಂಥ ಕೋಟೆಯನ್ನು ಒಡೆಯೋದು ಹೇಗೆ? ಏಣಿ ಹಾಕಿ ಹತ್ತಬಹುದು, ಜನ ತುಂಬಾ ಸಾಯ್ತಾರೆ. ಸುತ್ತುವರಿದು ಅನ್ನನೀರು ನಿಲ್ಲಿಸಬಹುದು, ತಿಂಗಳುಗಟ್ಟಲೆ ಬೇಕು. ಮೂರನೇದು, ಭಾರಿ ಫಿರಂಗಿಗಳನ್ನು ಹತ್ತಿರಕ್ಕೆ ತಂದು ಒಂದೇ ಜಾಗಕ್ಕೆ ಹೊಡೆದೂ ಹೊಡೆದೂ ಗೋಡೆ ಬೀಳಿಸೋದು. ಫಿರಂಗಿ ಹತ್ತಿರ ಬರಬೇಕಾದ್ರೆ ದಾರಿ ಬೇಕು, ಫಿರಂಗಿ ನಿಲ್ಲಿಸೋಕೆ ಗಟ್ಟಿ ವೇದಿಕೆ ಬೇಕು, ಮುಂದೆ ಮಣ್ಣಿನ ಒಡ್ಡು ಬೇಕು. ಇದನ್ನೆಲ್ಲ ಮಾಡೋರು ಯಾರು? ಅಲ್ಲಿಗೆ ನಮ್ಮ ಕಥಾನಾಯಕರು ಬಂದರು.

ಇಪ್ಪತ್ತು ದಿನದ ಅಂತರ

1780ರ ಸೆಪ್ಟೆಂಬರ್ 10. ಕಾಂಚೀಪುರದ ಹತ್ತಿರ ಪೊಳ್ಳಿಲೂರು. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ನೇತೃತ್ವದ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಪೂರ್ತಿ ಸೋಲಿಸಿದರು. ಮೈಸೂರಿನ ರಾಕೆಟ್‌ಗಳು ಹೆಸರು ಮಾಡಿದ ಯುದ್ಧಗಳಲ್ಲಿ ಇದೂ ಒಂದು. ಬೇರೆ ಕಡೆ ರಾಕೆಟ್ಟಿಗೆ ಕಾಗದ, ಬಿದಿರಿನ ಕೊಳವೆ ಬಳಸ್ತಿದ್ದಾಗ ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಒತ್ತಡ ಹೆಚ್ಚಿದ್ದರೆ ಹೆಚ್ಚು ದೂರ ಹೋಗುತ್ತೆ. ಆಮೇಲೆ ಇವನ್ನೇ ಇಂಗ್ಲೆಂಡಿಗೆ ತೆಗೆದುಕೊಂಡು ಹೋಗಿ ನೋಡಿ, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ.

ಪೊಳ್ಳಿಲೂರಿನ ಸೋಲಿನ ಸುದ್ದಿ ಮದ್ರಾಸಿಗೆ ಮುಟ್ಟಿತು. ಅಲ್ಲಿ ಗಾಬರಿಯೋ ಗಾಬರಿ. ಸೆಪ್ಟೆಂಬರ್ 30ಕ್ಕೆ, ಅಂದ್ರೆ ಸರಿಯಾಗಿ ಇಪ್ಪತ್ತು ದಿನಕ್ಕೆ, ಸೇಂಟ್ ಜಾರ್ಜ್ ಕೋಟೆಯಲ್ಲಿ ಲೆಫ್ಟಿನೆಂಟ್ ಜೋಸೆಫ್ ಮೂರ್‌ಹೌಸ್ ಎರಡು ಕಂಪನಿ ಪಯನೀರ್‌ಗಳನ್ನು ಕಟ್ಟಿದ. ಅದೇ ಮುಂದೆ ಮದ್ರಾಸ್ ಪಯನೀರ್ಸ್ ಆಯ್ತು, 1831ರಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಆಯ್ತು. ಇವತ್ತು ಹಲಸೂರು ಕೆರೆಯ ಪಕ್ಕ ಇದೆಯಲ್ಲ ಎಂ.ಇ.ಜಿ., ಮದ್ರಾಸ್ ಎಂಜಿನಿಯರ್ ಗ್ರೂಪ್, ಅದು ಇದೇ. ಈಗಲೂ ಹುಟ್ಟುಹಬ್ಬ ಸೆಪ್ಟೆಂಬರ್ 30.

ಒಂದು ನಿಮಿಷ ನಿಂತು ಯೋಚಿಸಿ. ಮೈಸೂರಿನ ವಿರುದ್ಧ ಹೋರಾಡೋಕೆ ಅಂತ ಹುಟ್ಟಿದ ಪಲ್ಟನ್ನು ಈಗ ಮೈಸೂರು ಸೀಮೆಯ ನಡುವೆಯೇ ಮನೆ ಮಾಡಿಕೊಂಡಿದೆ. ಬೆಂಗಳೂರಿನವರು ಅದನ್ನು ನಮ್ಮದು ಅಂತಾರೆ. ಇದು ಹೇಗಾಯ್ತು?

1791: ಹೊಸಕೋಟೆ, ಬೆಂಗಳೂರು, ದೇವನಹಳ್ಳಿ

ಮೂರನೇ ಮೈಸೂರು ಯುದ್ಧ ನಮ್ಮ ಜಿಲ್ಲೆಯ ಮೇಲೇ ನಡೆದುಹೋಯ್ತು. ಲಾರ್ಡ್ ಕಾರ್ನ್‌ವಾಲಿಸ್ ಮುಗಳಿ ಘಾಟಿ ಹತ್ತಿ ಕೋಲಾರ, ಹೊಸಕೋಟೆ ಹಿಡಿದು, 1791ರ ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಬಂದು ನಿಂತ. ಈಗ ಹೊಸಕೋಟೆಯಿಂದ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ನಾವು ಬರೋ ದಿಕ್ಕಿನಿಂದಲೇ ಅಂದ್ಕೊಳ್ಳಿ. ಮಾರ್ಚ್ 7ಕ್ಕೆ ಪೇಟೆಯ ಬಾಗಿಲು ಒಡೆದರು. ಆ ಬಾಗಿಲಲ್ಲಿ ಸತ್ತವರಲ್ಲಿ ಒಬ್ಬ ಮೂರ್‌ಹೌಸ್. ಹನ್ನೊಂದು ವರ್ಷದ ಹಿಂದೆ ಪಯನೀರ್ ಕಂಪನಿಗಳನ್ನು ಕಟ್ಟಿದವನು, ಈಗ ಲೆಫ್ಟಿನೆಂಟ್ ಕರ್ನಲ್ ಆಗಿದ್ದ. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕೋಟೆಯ ಕಿಲ್ಲೇದಾರ ಬಹಾದುರ್ ಖಾನ್ ಓಡಿಹೋಗದೆ ಹೋರಾಡಿ ಅಲ್ಲೇ ಪ್ರಾಣ ಬಿಟ್ಟ. ಕೆ.ಆರ್. ಮಾರ್ಕೆಟ್ ಪಕ್ಕ ಉಳಿದಿರೋ ಕೋಟೆಯ ತುಂಡಿಗೆ ಹೋದರೆ, ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ಹಾಕಿಸಿದ ಫಲಕ ಕಾಣುತ್ತೆ. ಒಡೆದವರ ನೆನಪಿಗೆ ಕಲ್ಲು ಇದೆ. ಬಹಾದುರ್ ಖಾನನ ಹೆಸರು ಆ ಫಲಕದಲ್ಲಿಲ್ಲ.

ಅದೇ ಮಾರ್ಚ್ ಕೊನೆಗೆ ಕಾರ್ನ್‌ವಾಲಿಸ್ ಉತ್ತರಕ್ಕೆ ತಿರುಗಿದ. ನಿಜಾಮನ ಕುದುರೆಪಡೆಯನ್ನು ಕೂಡಿಕೊಳ್ಳಬೇಕಿತ್ತು. ದಾರಿಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕೋಟೆಗಳು ಅವನ ಕೈಸೇರಿದವು. ಅಕ್ಟೋಬರ್ 19ಕ್ಕೆ ನಂದಿದುರ್ಗ ಬಿತ್ತು. ವೀಕೆಂಡ್‌ಗೆ ಬೈಕಿನಲ್ಲಿ ನಂದಿ ಹತ್ತೋರು ಒಮ್ಮೆ ಆ ಕಡಿದಾದ ಬಂಡೆ ನೋಡಿ. ಟನ್‌ಗಟ್ಟಲೆ ತೂಕದ ಫಿರಂಗಿಗಳನ್ನು ಆ ಇಳಿಜಾರಿನಲ್ಲಿ ದಾರಿ ಕಡಿದು ಮೇಲಕ್ಕೆ ಎಳೆದರು. ಎಂಜಿನ್ ಇಲ್ಲ, ಕ್ರೇನ್ ಇಲ್ಲ. ಹಗ್ಗ, ಹಾರೆ, ಗುದ್ದಲಿ, ಮನುಷ್ಯರ ಭುಜ.

ಎತ್ತುಗಳ ಲೆಕ್ಕ

ಯುದ್ಧ ಅಂದ ತಕ್ಷಣ ನಾವು ಕತ್ತಿ, ಫಿರಂಗಿ ಅಂತೀವಿ. ಎತ್ತುಗಳನ್ನು ಮರೆತುಬಿಡ್ತೀವಿ. 1791ರ ಮೇ 15ಕ್ಕೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದ. ಗೆದ್ದ ಮೇಲೂ ವಾಪಸ್ ಹೋಗಬೇಕಾಯ್ತು. ಯಾಕಂದ್ರೆ ಮೇವಿಲ್ಲದೆ, ರೋಗ ಬಂದು, ಮಳೆಯಲ್ಲಿ ಅವನ ಎತ್ತುಗಳು ಸತ್ತುಹೋಗಿದ್ದವು. ಎಳೆಯೋರಿಲ್ಲದ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ಹಿಂದಿರುಗಿದ.

ಮೈಸೂರಿಗೆ ಆ ತೊಂದರೆ ಕಡಿಮೆ. ಚಿಕ್ಕದೇವರಾಜ ಒಡೆಯರ್ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅಂತ ಅರಮನೆಯ ದನಗಳ ಇಲಾಖೆ ಇತ್ತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. ಆ ಎತ್ತುಗಳು ಫಿರಂಗಿ ಎಳೆದುಕೊಂಡು ಕುದುರೆಗಳ ಜೊತೆ ಹೆಜ್ಜೆ ಹಾಕ್ತಿದ್ದವು. 1799ರ ಮೇ 4ಕ್ಕೆ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಆ ಇಲಾಖೆಯನ್ನೂ ತಮ್ಮ ಕೈಗೆ ತೆಗೆದುಕೊಂಡರು. ಅಮೃತ ಮಹಲ್ ತಳಿಯ ಮೂಲ ಹಳ್ಳಿಕಾರ್. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಹಳ್ಳಿಕಾರ್ ಜೋಡಿ ನೋಡಿ ಬನ್ನಿ. ಸಪ್ಲೈ ಚೈನ್ ಅಂತ ನಾವು ಓದೋ ಪಾಠ ಅಲ್ಲಿ ಗೆಜ್ಜೆ ಕಟ್ಟಿಕೊಂಡು ನಿಂತಿರುತ್ತೆ.

ದಂಡು ಬಂತು

ಶ್ರೀರಂಗಪಟ್ಟಣದಲ್ಲಿ ಜ್ವರ ಹೆಚ್ಚು ಅಂತ 1809ರಲ್ಲಿ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ತಂದರು. ಹಲಸೂರಿನ ಸುತ್ತ ಕಂಟೋನ್ಮೆಂಟ್ ಎದ್ದಿತು. ಜನ ಅದನ್ನು ‘ದಂಡು’ ಅಂದರು. ರೈಲ್ವೆ ಸ್ಟೇಷನ್ನಿಗೆ ಇವತ್ತಿಗೂ ಬೆಂಗಳೂರು ದಂಡು ಅಂತಲೇ ಹೆಸರು. 19ನೇ ಶತಮಾನದಲ್ಲಿ ಮದ್ರಾಸ್ ಸ್ಯಾಪರ್ಸ್ ಕೂಡ ಇಲ್ಲಿಗೆ ಬಂದು ನೆಲೆ ನಿಂತರು.

ಸಿಪಾಯಿಗಳು ಕೊಟ್ಟ ಕೆಲಸ ಸುಮ್ಮನೆ ಮಾಡಿಕೊಂಡಿದ್ದರು ಅಂದ್ಕೋಬೇಡಿ. 1806ರ ಜುಲೈ 10ಕ್ಕೆ ವೆಲ್ಲೂರಿನ ಕೋಟೆಯಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳು ದಂಗೆ ಎದ್ದರು. ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಹೊಸ ನಮೂನೆಯ ಪೇಟ ಹಾಕಬೇಕು ಅನ್ನೋ ಆಜ್ಞೆ ಕಿಡಿ ಹಚ್ಚಿತು. ಟಿಪ್ಪುವಿನ ಮಕ್ಕಳನ್ನು ಅದೇ ಕೋಟೆಯಲ್ಲಿ ಇಟ್ಟಿದ್ದರು. ದಂಗೆ ಎದ್ದವರು ಮೈಸೂರಿನ ಹುಲಿಯ ಬಾವುಟ ಏರಿಸಿದರು. ಅದೇ ದಿನ ದಂಗೆಯನ್ನು ರಕ್ತದಲ್ಲಿ ಮುಳುಗಿಸಿದರು. ಆ ವರ್ಷವೇ ನಂದಿದುರ್ಗದ ಪಡೆಯಲ್ಲೂ ಅಸಮಾಧಾನ ಹೊಗೆಯಾಡಿತು. 1857 ಮಾತ್ರ ಓದಿದ ನಮಗೆ ಅದಕ್ಕೂ ಅರ್ಧ ಶತಮಾನ ಮೊದಲೇ ನಮ್ಮ ಕಡೆ ಇಷ್ಟೆಲ್ಲ ಆಗಿತ್ತು ಅಂತ ಗೊತ್ತೇ ಇರಲಿಲ್ಲ.

ಸೈನ್ಯದ ಎಂಜಿನಿಯರುಗಳು ಊರನ್ನೂ ಕಟ್ಟಿದರು. ಮದ್ರಾಸ್ ಎಂಜಿನಿಯರ್ಸ್‌ನ ಆರ್ಥರ್ ಕಾಟನ್ 1852ಕ್ಕೆ ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಮುಗಿಸಿದ. ಅದೇ ಪಡೆಯ ರಿಚರ್ಡ್ ಸ್ಯಾಂಕಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಅಠಾರ ಕಚೇರಿ ಕಟ್ಟಿಸಿದ. ಸದಾಶಿವನಗರದ ಸ್ಯಾಂಕಿ ಕೆರೆ ಅವನ ಹೆಸರಿನದೇ. ಆದರೆ ಇದೇ ಸ್ಯಾಪರ್‌ಗಳನ್ನು ಈಜಿಪ್ಟಿಗೆ, ಜಾವಾಗೆ, ಬರ್ಮಾಕ್ಕೆ ಕಳಿಸಿದರು. 1840ರ ಅಫೀಮು ಯುದ್ಧಕ್ಕೆ ಚೀನಾಕ್ಕೂ ಕಳಿಸಿದರು. ಚೀನಾದವರಿಗೆ ಬಲವಂತವಾಗಿ ಅಫೀಮು ಮಾರೋ ಯುದ್ಧದಲ್ಲಿ ದಕ್ಷಿಣ ಭಾರತದ ಬಡವರ ಮಕ್ಕಳು ದಾರಿ ಕಡಿದರು. ಇದನ್ನು ಓದಿದಾಗ ನಮಗೆ ಒಂಥರಾ ಆಯ್ತು. ಹೆಮ್ಮೆ ಪಡೋದಾ, ಬೇಜಾರು ಮಾಡ್ಕೊಳ್ಳೋದಾ?

ಇನ್ನೊಂದು ವಿಷಯ. 1880ರ ದಶಕದಲ್ಲಿ ‘ಯೋಧ ಜನಾಂಗ’ ಅನ್ನೋ ಸಿದ್ಧಾಂತ ಜೋರಾಯ್ತು. ಜನರಲ್ ರಾಬರ್ಟ್ಸ್ ಅದರ ದೊಡ್ಡ ವಕೀಲ. ಉತ್ತರದ ಕೆಲವು ಜನಾಂಗದವರು ಮಾತ್ರ ಹುಟ್ಟಾ ಸೈನಿಕರು, ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ ಅನ್ನೋದು ಅದರ ಸಾರ. ಮದ್ರಾಸ್ ಸೈನ್ಯದ ಪದಾತಿ ದಳಗಳು ಒಂದೊಂದಾಗಿ ಕರಗಿದವು. ಸ್ಯಾಪರ್ಸ್ ಮಾತ್ರ ಉಳಿದರು. ಇವರಲ್ಲಿ ಊರಿನಲ್ಲಿ ‘ಮುಟ್ಟಬಾರದವರು’ ಅನ್ನಿಸಿಕೊಂಡ ಜಾತಿಗಳ ಯುವಕರೂ ತುಂಬಾ ಇದ್ದರು. ಕೆಲಸ ಬಲ್ಲವರನ್ನು ಸಿದ್ಧಾಂತ ಹೇಳಿ ಮನೆಗೆ ಕಳಿಸೋಕೆ ಆಗಲಿಲ್ಲ ಅಂತ ನಾವು ಅರ್ಥ ಮಾಡ್ಕೊಂಡ್ವಿ.

ಒಂದು ಕೊಳವೆ, ಊರಿನ ಹೆಸರು

ಈಗ ಸಿನಿಮಾದ ಪ್ರಶ್ನೆಗೆ ಬರೋಣ. 20ನೇ ಶತಮಾನದ ಶುರುವಿಗೆ ಕೋಟೆ ಗೋಡೆಯ ಕಾಲ ಮುಗಿದಿತ್ತು. ಹೊಸ ಕೋಟೆ ಅಂದ್ರೆ ಮುಳ್ಳುತಂತಿ. ಬೋಯರ್ ಯುದ್ಧ, ರಷ್ಯಾ–ಜಪಾನ್ ಯುದ್ಧಗಳು ಅದನ್ನು ತೋರಿಸಿಕೊಟ್ಟಿದ್ದವು. ತೋಟದ ಬೇಲಿಗೆ ಹಾಕೋ ತಂತಿ ಇಡೀ ಸೈನ್ಯವನ್ನು ನಿಲ್ಲಿಸಿಬಿಡ್ತಿತ್ತು. ಫಿರಂಗಿ ಗುಂಡು ಹೊಡೆದರೆ? ಗೋಡೆಯಾದರೆ ಬೀಳುತ್ತೆ. ತಂತಿಯಲ್ಲಿ ತೂತೇ ಜಾಸ್ತಿ, ಸ್ಫೋಟದ ಗಾಳಿ ನಡುವೆ ನುಗ್ಗಿ ಹೋಗುತ್ತೆ, ತಂತಿ ಮೇಲೆದ್ದು ಮತ್ತೆ ಕೆಳಗೆ ಬಿದ್ದು ಮೊದಲಿಗಿಂತ ಹೆಚ್ಚು ಸಿಕ್ಕಾಗುತ್ತೆ. ಕೈಯಲ್ಲಿ ಕತ್ತರಿಸೋಣ ಅಂದ್ರೆ, ಬೇಲಿ ಹತ್ತಿರ ಹೋದವನು ಬದುಕಿ ಬರಲ್ಲ.

1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಇದಕ್ಕೊಂದು ಉತ್ತರ ಕಂಡುಹಿಡಿದ. ಉದ್ದನೆಯ ಲೋಹದ ಕೊಳವೆ, ಒಳಗೆ ಸಿಡಿಮದ್ದು. ಕೊಳವೆಗಳನ್ನು ನಲ್ಲಿ ಪೈಪಿನ ಹಾಗೆ ಒಂದಕ್ಕೊಂದು ಜೋಡಿಸಬಹುದು. ಮುಂದಿನ ತುದಿಗೆ ನುಣುಪಾದ ಮೂತಿ, ಕಲ್ಲಿಗೋ ತಂತಿಗೋ ಸಿಕ್ಕಿಕೊಳ್ಳಬಾರದು ಅಂತ. ಸೈನಿಕ ಮರೆಯಲ್ಲೇ ಮಲಗಿಕೊಂಡು ಹಿಂದಿನಿಂದ ತಳ್ಳುತ್ತಾ ಹೋದರೆ ಕೊಳವೆ ಬೇಲಿಯ ಅಡಿಯಲ್ಲಿ ಉದ್ದಕ್ಕೂ ಹೋಗಿ ಕೂರುತ್ತೆ. ಸಿಡಿದಾಗ ಒಂದು ಬಿಂದುವಿನಲ್ಲಿ ಸಿಡಿಯೋದಿಲ್ಲ, ಇಡೀ ಗೆರೆಯೇ ಸಿಡಿಯುತ್ತೆ. ಚೂರಾದ ಲೋಹ ತಂತಿಯನ್ನು ಪಕ್ಕದಿಂದ ಕತ್ತರಿಸುತ್ತೆ. ಜನ ನುಗ್ಗೋಕೆ ಓಣಿ ಆಗುತ್ತೆ.

ಎಂಜಿನಿಯರಿಂಗ್ ದೃಷ್ಟಿಯಿಂದ ಇದರಲ್ಲಿ ಮೂರು ಪಾಠ ಇದೆ. ಒಂದು, ಸಮಸ್ಯೆಯ ಆಕಾರ ನೋಡಿ ಉತ್ತರದ ಆಕಾರ ಆರಿಸಿದ್ದಾರೆ. ಬೇಕಾಗಿದ್ದು ಓಣಿ, ಅದಕ್ಕೆ ಗೆರೆಯಂಥ ಸ್ಫೋಟ. ಎರಡು, ಬೇಲಿ ಎಷ್ಟು ಅಗಲ ಇದ್ದರೆ ಅಷ್ಟು ತುಂಡು ಜೋಡಿಸು, ಬೇರೆ ಬೇರೆ ಅಳತೆಯ ಸಾಮಾನು ಹೊರಬೇಕಿಲ್ಲ. ಮೂರು, ಕೆಲಸ ಮಾಡುವವನ ಪ್ರಾಣವನ್ನು ವಿನ್ಯಾಸದ ಒಳಗೇ ಲೆಕ್ಕಕ್ಕೆ ತಗೊಂಡಿದ್ದಾರೆ. ನಮ್ಮ ಮಿನಿ ಪ್ರಾಜೆಕ್ಟ್ ವರದಿಯಲ್ಲಿ ಸುರಕ್ಷತೆ ಅಂತ ಕೊನೆಯ ಪುಟದಲ್ಲಿ ಎರಡು ಸಾಲು ಬರೀತೀವಲ್ಲ, ಹಾಗಲ್ಲ.

‘ಟಾರ್ಪೆಡೋ’ ಅಂತ ಯಾಕಂದ್ರು? ಆ ಕಾಲಕ್ಕೆ ನೆಲದಲ್ಲಿ, ನೀರಲ್ಲಿ ಇಡೋ ಸಿಡಿಮದ್ದಿಗೆಲ್ಲ ಟಾರ್ಪೆಡೋ ಅಂತಿದ್ದರು. ಮೊದಲ ಮಹಾಯುದ್ಧದಲ್ಲಿ ಇದು ಬಳಕೆಗೆ ಬಂತು. 1944ರ ಜೂನ್ 6ಕ್ಕೆ ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕದವರು ಬಳಸಿದರು, ಸಿನಿಮಾದಲ್ಲಿ ನೋಡಿದ್ದು ಅದನ್ನೇ. ಇವತ್ತಿಗೂ ಹಲವು ದೇಶಗಳ ಸೈನ್ಯದಲ್ಲಿ ಇದೆ.

1780ರಲ್ಲಿ ಮೈಸೂರಿನವರ ಕೈಯಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆ. 1912ರಲ್ಲಿ ಬೆಂಗಳೂರಿನ ಸ್ಯಾಪರ್‌ಗಳ ಕೈಯಲ್ಲಿ ಮದ್ದು ತುಂಬಿದ ಇನ್ನೊಂದು ಕೊಳವೆ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾವು ಹೇಳ್ತಿಲ್ಲ, ಎರಡೂ ಬೇರೆ ಬೇರೆ. ಆದರೆ ಎರಡೂ ಈ ನೆಲದ ಮೇಲೆ ಕೈ ಮಸಿ ಮಾಡಿಕೊಂಡವರ ಕೆಲಸ. ಪುಸ್ತಕಗಳಲ್ಲಿ ಕ್ಯಾಪ್ಟನ್ ಹೆಸರು ಇದೆ, ಊರಿನ ಹೆಸರು ಇದೆ. ಪಕ್ಕದಲ್ಲಿ ನಿಂತು ಕೊಳವೆ ಜೋಡಿಸಿ, ಬೇಲಿ ಕಟ್ಟಿ, ಮತ್ತೆ ಮತ್ತೆ ಪರೀಕ್ಷೆ ಮಾಡಿದ ಸ್ಯಾಪರ್‌ಗಳ ಹೆಸರು ನಾವು ಓದಿದ ಒಂದು ಪುಸ್ತಕದಲ್ಲೂ ಸಿಗಲಿಲ್ಲ.

ಎರಡು ಮಹಾಯುದ್ಧ, ಎರಡು ನೆನಪು

ಮೊದಲ ಮಹಾಯುದ್ಧದಲ್ಲಿ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು. ಸುಮಾರು 74,000 ಜನ ಹಿಂದಿರುಗಲಿಲ್ಲ. ಎರಡನೇ ಮಹಾಯುದ್ಧಕ್ಕೆ ಸೇರಿದವರು ಸುಮಾರು 25 ಲಕ್ಷ.

ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ಕ್ಕೆ, ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ, ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದಿತು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ವೃತ್ತಕ್ಕೆ 2018ರಲ್ಲಿ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಾಯ್ತು. ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಲ್ಯಾನ್ಸರ್‌ಗಳ ಸ್ಮಾರಕ ಇದೆ. ಪಕ್ಕದಲ್ಲೇ ಬಸ್ಸುಗಳು ಹೋಗ್ತಾ ಇರ್ತವೆ, ನಾವೂ ಎಷ್ಟೋ ಸಲ ನೋಡದೇ ಹೋಗಿದ್ದೀವಿ.

ಎರಡನೇ ನೆನಪು ಸ್ಯಾಪರ್ಸ್‌ನದು. 1944ರ ಫೆಬ್ರುವರಿ 24, ಇಟಲಿಯ ಮಿನ್ಯಾನೋ ಹತ್ತಿರ. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ ನೆಲಬಾಂಬ್ ಹುಡುಕುವ ತಂಡದಲ್ಲಿದ್ದರು. ಒಬ್ಬನ ಕಾಲು ಬಾಂಬಿನ ಮೇಲೆ ಬಿತ್ತು. ಅದು ಸಿಡಿಯೋಕೆ ಕೆಲವೇ ಸೆಕೆಂಡ್. ಸುಬ್ರಮಣಿಯನ್ ಅದರ ಮೇಲೆ ತಾವೇ ಬಿದ್ದರು. ಉಳಿದವರು ಬದುಕಿದರು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು, ಅದೂ ಸತ್ತ ಮೇಲೆ. ‘ದಕ್ಷಿಣದವರು ಲಾಯಕ್ಕಿಲ್ಲ’ ಅಂದ ಸಿದ್ಧಾಂತಕ್ಕೆ ಇದಕ್ಕಿಂತ ಉತ್ತರ ಬೇಕಾ?

ತಾತ ಹೇಳಿದ್ದು

ಕೋಟೆ ನೋಡಿದ ಮೇಲೆ ನಾವು ವಿಜಯಪುರದ ಕಡೆಯ ಒಂದು ಹಳ್ಳಿಗೆ ಹೋದ್ವಿ. ನಮ್ಮ ಗೆಳತಿಯ ತಾತನಿಗೆ ಎಂಬತ್ತು ದಾಟಿದೆ. ಅವರ ಅಪ್ಪ ಎರಡನೇ ಮಹಾಯುದ್ಧದಲ್ಲಿ ಸ್ಯಾಪರ್ ಆಗಿದ್ದವರು, ಬರ್ಮಾ ಕಡೆ ಹೋಗಿದ್ದವರು. ನಮ್ಮಲ್ಲೊಬ್ಬ ಸೈನ್ಯದ ಟೆಕ್ನಿಕಲ್ ಎಂಟ್ರಿಗೆ ಓದ್ತಾ ಇದ್ದಾನೆ. ಅವನೇ ಉತ್ಸಾಹದಿಂದ ಕೇಳಿದ: “ತಾತ, ನಿಮ್ಮಪ್ಪ ಸೈನ್ಯಕ್ಕೆ ಯಾಕೆ ಸೇರಿದ್ರು? ದೇಶಕ್ಕೋಸ್ಕರಾನಾ?”

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಯಾವ್ ದೇಶ ಕಣಪ್ಪಾ? ಆವಾಗ ದೇಶ ನಮ್ದಾಗಿತ್ತಾ? ಮಳೆ ಇರ್ಲಿಲ್ಲ, ಮನೇಲಿ ರಾಗಿ ಇರ್ಲಿಲ್ಲ. ದಂಡಲ್ಲಿ ಊಟ ಕೊಡ್ತಾರೆ, ಸಂಬ್ಳ ಮನೆಗೆ ಕಳಿಸ್ತಾರೆ ಅಂದ್ರು, ವೋದ್ರು.”

“ಯುದ್ಧದ ಬಗ್ಗೆ ಏನಾದ್ರೂ ಹೇಳ್ತಿದ್ರಾ ತಾತ?” ಅಂತ ಗೆಳತಿ ಕೇಳಿದಳು.

“ಗುಂಡು ಹಾರ್ಸಿದ್ದು ಒಂದು ದಿನಾನೂ ಹೇಳ್ಲಿಲ್ಲ ಕಣವ್ವಾ. ಸೇತುವೆ ಕಟ್ಟಿದ್ದು ಹೇಳೋರು. ಹೊಳೆ ತುಂಬಿ ಹರೀತಿತ್ತಂತೆ, ರಾತ್ರಿಯೆಲ್ಲಾ ಕಟ್ಟೋರಂತೆ, ಬೆಳಗ್ಗೆ ಲಾರಿ ದಾಟೋವಂತೆ. ಊರಿಗೆ ಬಂದ್ಮೇಲೂ ಕಾಲುವೆಗೆ ಕಟ್ಟೆ ಕಿತ್ತೋದ್ರೆ ನಮ್ಮಪ್ಪನ್ನೇ ಕರೆಯೋರು. ಆ ಕೆಲ್ಸ ಮಾತ್ರ ಅವ್ರದ್ದು. ಯುದ್ಧ ಬ್ಯಾರೇರ್ದು.”

ವಾಪಸ್ ಬರೋ ಬಸ್ಸಿನಲ್ಲಿ ನಮ್ಮೊಳಗೆ ಜಗಳವೇ ಆಯ್ತು. ಅದು ಬ್ರಿಟಿಷರ ಸೈನ್ಯ, ನಮ್ಮವರನ್ನೇ ಗುಲಾಮರನ್ನಾಗಿ ಇಟ್ಟಿದ್ದ ಸೈನ್ಯ, ಹೆಮ್ಮೆ ಪಡೋಕೆ ಏನಿದೆ ಅಂತ ಒಬ್ಬ. ಹಾಗಾದ್ರೆ ಅಲ್ಲಿ ಸತ್ತವರು ಯಾರವರು, ಅವರನ್ನು ಯಾರೂ ನೆನೆಯೋದು ಬೇಡವಾ ಅಂತ ಇನ್ನೊಬ್ಬಳು. ಯಲಹಂಕ ಬಂದರೂ ಮುಗಿಯಲಿಲ್ಲ.

ಈಗ ಬರೆಯುವಾಗ ನಮಗೆ ಅನಿಸೋದು ಇಷ್ಟು. ಎರಡೂ ನಿಜ. ಆ ಸೈನ್ಯ ನಮ್ಮದಾಗಿರಲಿಲ್ಲ. ಎಲ್ಲಿ ದಾರಿ ಕಡಿಯಬೇಕು, ಯಾರ ಕೋಟೆ ಒಡೆಯಬೇಕು ಅಂತ ತೀರ್ಮಾನ ಮಾಡ್ತಿದ್ದವರು ಲಂಡನ್ನಿನಲ್ಲೋ ಕಲ್ಕತ್ತೆಯಲ್ಲೋ ಕೂತಿದ್ದರು. ಆದರೆ ಗುದ್ದಲಿ ಹಿಡಿದ ಕೈ ನಮ್ಮವರದು, ಆ ಕೈಯ ಕೌಶಲವೂ ನಮ್ಮವರದು. 1947ರ ಮೇಲೆ ಅದೇ ಪಲ್ಟನ್ನು, ಅದೇ ಕೌಶಲ ಈ ದೇಶದ್ದಾಯ್ತು. ತೀರ್ಮಾನ ಮಾಡುವವರು ಬದಲಾದರು, ಅದೇ ದೊಡ್ಡ ಬದಲಾವಣೆ.

ಇದು ಹಳೇ ಕಥೆ ಅಂತ ಬಿಡೋಕೂ ಆಗಲ್ಲ. ಇನ್ನೆರಡು ವರ್ಷಕ್ಕೆ ನಾವು ಪ್ಲೇಸ್‌ಮೆಂಟ್‌ಗೆ ಕೂರ್ತೀವಿ. ಸಂಬಳ ಎಷ್ಟು ಅಂತ ಕೇಳ್ತೀವಿ, ಕೇಳಲೇಬೇಕು, ತಾತನ ಅಪ್ಪನೂ ಕೇಳಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ನಾವು ಕಟ್ಟೋದು ಯಾರಿಗಾಗಿ, ಅದು ಯಾರ ಮೇಲೆ ಬೀಳುತ್ತೆ ಅಂತ ಕೇಳೋ ಅವಕಾಶ ಅವರಿಗೆ ಸಿಗಲಿಲ್ಲ. ನಮಗೆ ಸಿಕ್ಕಿದೆ, ಉಪಯೋಗಿಸಿಕೊಳ್ಳೋಣ.

ನೆನಪಿಟ್ಟುಕೊಳ್ಳೋಕೆ

1749: ದೇವನಹಳ್ಳಿ ಮುತ್ತಿಗೆ, ಹೈದರನ ಏಳಿಗೆ ಶುರು.
1780: ಸೆಪ್ಟೆಂಬರ್ 10 ಪೊಳ್ಳಿಲೂರು, ಸೆಪ್ಟೆಂಬರ್ 30 ಮದ್ರಾಸ್ ಪಯನೀರ್‌ಗಳ ಹುಟ್ಟು.
1791: ಹೊಸಕೋಟೆ, ಬೆಂಗಳೂರು, ದೇವನಹಳ್ಳಿ, ನಂದಿದುರ್ಗ ಕಾರ್ನ್‌ವಾಲಿಸ್ ಕೈಗೆ.
1806: ವೆಲ್ಲೂರು ದಂಗೆ.
1809: ಬೆಂಗಳೂರಿಗೆ ದಂಡು.
1912: ಬೆಂಗಳೂರು ಟಾರ್ಪೆಡೋ.
1918: ಹೈಫಾ.
1944: ಸುಬೇದಾರ್ ಸುಬ್ರಮಣಿಯನ್, ಒಮಾಹಾ ತೀರ.

ನಿಮಗೊಂದು ಹೋಮ್‌ವರ್ಕ್: ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ, ನಮ್ಮ ವಂಶದಲ್ಲಿ ಯಾರಾದರೂ ದಂಡಿಗೆ ಹೋಗಿದ್ದರಾ ಅಂತ. ಹೆಸರು ಸಿಕ್ಕರೆ ಬರೆದಿಟ್ಟುಕೊಳ್ಳಿ. ಪುಸ್ತಕದಲ್ಲಿ ಇಲ್ಲದ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಾದರೂ ಇರಲಿ. ಮುಂದಿನ ಸಂಚಿಕೆಗೆ ನಮಗೂ ಕಳಿಸಿ.

ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕಾಗುಣಿತ ತಪ್ಪಿದ್ದರೆ ತಿದ್ದಿ, ಬೈಯಬೇಡಿ.